‘ಬರೆಯೋಕೆ ಏನಿದೆ’ ಎನ್ನುವವರಿಗೆ

ಹಳ್ಳಿಯಲ್ಲಿ ಬಾಳಿ ಹಳ್ಳಿಯಲ್ಲೇ ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಬರೆದಿಡೋಣ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅವರ ಬಗ್ಗೆ ಬರೆಯೋಕೆ ಏನಿದೆ? ಹುಟ್ಟಿದರು, ದುಡಿದರು, ಮಕ್ಕಳನ್ನು ಒಂದು ದಡ ಮುಟ್ಟಿಸಿದರು, ಹೋದರು.’ ಪೇಟೆಯವರಷ್ಟೇ ಆಡುವ ಮಾತಾಗಿದ್ದರೆ ಇದನ್ನು ಕಡೆಗಣಿಸಬಹುದಿತ್ತು. ಹಳ್ಳಿಯಲ್ಲೇ ಹುಟ್ಟಿ ಓದಿ ಮುಂದೆ ಬಂದವರೂ ಹೀಗೇ ಹೇಳುತ್ತಾರೆ. ಪತ್ರಿಕೆಯ ಜಿಲ್ಲಾ ಪುಟ ನೋಡಿಕೊಳ್ಳುವವರೂ ಹೀಗೇ ಹೇಳುತ್ತಾರೆ. ಕಡೆಗೆ ಸತ್ತವರ ಮಕ್ಕಳೂ ‘ನಮ್ಮಪ್ಪ ಏನು ದೊಡ್ಡ ಮನುಷ್ಯನೇ, ಬಿಡಿ’ ಎಂದುಬಿಡುತ್ತಾರೆ. ಎಲ್ಲರೂ ಒಪ್ಪಿಕೊಂಡಿರುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಇದು ತಿಳಿಯದೆ ಆಡುವ ಮಾತು, ಜೊತೆಗೆ ಅನ್ಯಾಯದ ಮಾತು. ಬದುಕಿನುದ್ದಕ್ಕೂ ಯಾರೂ ಕೂತು ಕೇಳದವರನ್ನು ಸತ್ತ ಮೇಲೆ ‘ಹೇಳುವಂಥದ್ದೇನೂ ಇರಲಿಲ್ಲ’ ಎಂದು ತೀರ್ಮಾನಿಸಲು ನಮಗೆ ಯಾವ ಹಕ್ಕೂ ಇಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ನೂರು ಜನರಲ್ಲಿ 61 ಜನ ಹಳ್ಳಿಗಳಲ್ಲಿದ್ದರು. ಹಳ್ಳಿಗಳ ಸಂಖ್ಯೆ 29 ಸಾವಿರಕ್ಕೂ ಹೆಚ್ಚು. ಈ ನಾಡಿನಲ್ಲಿ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಅಲ್ಲಿಯದೇ. ಆ ಸಾವುಗಳಿಗೆ ನಾವು ಕೊಡುತ್ತಿರುವ ಜಾಗ ಎಷ್ಟು? ಸ್ಥಳೀಯ ಪುಟದ ‘ನಿಧನ’ ಅಂಕಣವನ್ನು ತೆರೆದು ನೋಡಿ. ಹೆಸರು, ವಯಸ್ಸು, ಊರು, ‘ಅನಾರೋಗ್ಯದಿಂದ ನಿಧನರಾದರು’, ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಇದ್ದಾರೆ’, ‘ಅಂತ್ಯಕ್ರಿಯೆ ಸ್ವಗ್ರಾಮದ ತೋಟದಲ್ಲಿ ನಡೆಯಿತು.’ ಹೆಸರು ತೆಗೆದು ಬೇರೆ ಹೆಸರು ಹಾಕಿದರೆ ಇದೇ ಸುದ್ದಿ ಮುಂದಿನ ಊರಿಗೂ ಸಲ್ಲುತ್ತದೆ. ಆ ಮನುಷ್ಯ ಎಂಬತ್ತು ವರ್ಷ ಏನು ಮಾಡಿಕೊಂಡಿದ್ದ ಎಂಬ ಒಂದೇ ಒಂದು ವಾಕ್ಯ ಅದರಲ್ಲಿ ಇರುವುದಿಲ್ಲ. ಆ ಸುದ್ದಿಯಾದರೂ ಸಿಗುವುದು ವರದಿಗಾರರ ಪರಿಚಯ ಇದ್ದವರಿಗೆ, ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರಿಗೆ. ಕೂಲಿನಾಲಿ ಮಾಡಿದವರಿಗೆ ಅಷ್ಟೂ ಇಲ್ಲ.

ಇನ್ನು ಫ್ಲೆಕ್ಸ್. ಇವತ್ತು ಯಾವ ಹಳ್ಳಿಯ ಬಸ್ ಸ್ಟ್ಯಾಂಡಿಗೆ ಹೋದರೂ ಎರಡು ಕಂಬಗಳ ನಡುವೆ ಒಂದು ಭಾವಪೂರ್ಣ ಶ್ರದ್ಧಾಂಜಲಿ ಕಟ್ಟಿರುತ್ತಾರೆ. ಆಧಾರ್ ಕಾರ್ಡಿನಿಂದಲೋ ಯಾರದೋ ಮದುವೆ ಫೋಟೊದಿಂದಲೋ ಕತ್ತರಿಸಿ ಹಿಗ್ಗಿಸಿದ ಮುಖ. ಎರಡು ಪಕ್ಕಕ್ಕೆ ದೀಪ, ಹಿಂದೆ ಮೋಡ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಅದರ ಕೆಳಗೆ ‘ದುಃಖತಪ್ತ ಕುಟುಂಬವರ್ಗ ಹಾಗೂ ಗೆಳೆಯರ ಬಳಗ’ ಎಂದು ಸಾಲಾಗಿ ಇಪ್ಪತ್ತು ಫೋಟೊ. ಆ ಸಾಲಿನಲ್ಲಿ ಪಂಚಾಯಿತಿಗೆ ನಿಲ್ಲಲು ತಯಾರಾಗುತ್ತಿರುವವರ ಮುಖ ಒಂದು ಸುತ್ತು ದೊಡ್ಡದಾಗಿರುತ್ತದೆ. ತಿಥಿ ಮುಗಿದ ಮೇಲೆ ಆ ಫ್ಲೆಕ್ಸ್ ಹುಲ್ಲಿನ ಬಣವೆಯ ಮೇಲೆ ಹೊದಿಕೆಯಾಗುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ‘ಓಂ ಶಾಂತಿ’ಯ ಆಯುಸ್ಸು 24 ಗಂಟೆ. ಇಷ್ಟು ಮಾಡಿ ನಾವು ನೆನಪಿನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೇವೆ. ಮುಖ ತೋರಿಸಿದ್ದೇವೆ, ಮನುಷ್ಯನನ್ನು ತೋರಿಸಿಲ್ಲ.

ಸರ್ಕಾರದ ಕಾಗದವಾದರೂ ಏನಾದರೂ ಹಿಡಿದಿಡುತ್ತದೆಯೇ? ಜನನ ಮರಣ ನೋಂದಣಿಗೆ 1969ರ ಕಾಯ್ದೆ ಇದೆ. ಸಾವಾದ 21 ದಿನಗಳೊಳಗೆ ತಿಳಿಸಬೇಕು. ಅದಕ್ಕಾಗಿ ವರ್ಷಗಟ್ಟಲೆ ಬಳಕೆಯಲ್ಲಿರುವ ನಮೂನೆ 2ರಲ್ಲಿ ಸತ್ತವರು ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷ, ಹೊಗೆಸೊಪ್ಪು ಹಾಕುತ್ತಿದ್ದರೆ ಎಷ್ಟು ವರ್ಷ, ಅಡಿಕೆ ಜಗಿಯುತ್ತಿದ್ದರೆ ಎಷ್ಟು ವರ್ಷ, ಕುಡಿಯುತ್ತಿದ್ದರೆ ಎಷ್ಟು ವರ್ಷ ಎಂದು ಒಂದೊಂದಾಗಿ ಕೇಳಿದ್ದಾರೆ. ರೋಗದ ಲೆಕ್ಕಕ್ಕೆ ಅದು ಬೇಕು, ತಕರಾರಿಲ್ಲ. ಆದರೆ ಅದೇ ಹಾಳೆಯಲ್ಲಿ ‘ಉದ್ಯೋಗ’ ಎಂಬ ಕಲಮು ಇದೆ, ಉದ್ಯೋಗವಿಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ ಎಂಬ ಸೂಚನೆ ಇದೆ. ಐವತ್ತು ವರ್ಷ ನಾಟಿ ಹಾಕಿದ, ಕಳೆ ಕಿತ್ತ, ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕಿದ ಹೆಂಗಸಿನ ಮುಂದೆ ಅಲ್ಲಿ ಏನು ಬರೆಯುತ್ತಾರೆ ಎಂಬುದನ್ನು ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಹೆಚ್ಚೆಂದರೆ ‘ಗೃಹಿಣಿ’. ಅವಳು ಎಷ್ಟು ವರ್ಷ ಎಲೆಅಡಿಕೆ ಹಾಕಿದಳು ಎಂಬುದಕ್ಕೆ ದಾಖಲೆ ಇರುತ್ತದೆ. ಎಷ್ಟು ವರ್ಷ ದುಡಿದಳು ಎಂಬುದಕ್ಕೆ ಇರುವುದಿಲ್ಲ.

ಆಮೇಲೆ ಬರುವುದು ವಂಶವೃಕ್ಷ, ಪೌತಿ ಖಾತೆ. ಅಲ್ಲಿ ಸತ್ತವರೆಂದರೆ ಒಂದು ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ. ಸಾಲಕ್ಕೆ ಸಿಕ್ಕಿ ಜೀವ ಕಳೆದುಕೊಂಡ ರೈತರ ವಿಷಯದಲ್ಲಂತೂ ನಮ್ಮ ಕ್ರಮ ಇನ್ನೂ ಕಠೋರ. 2015ರಲ್ಲಿ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿದರು, ಒಳ್ಳೆಯದೇ ಆಯಿತು. ಆದರೆ ಉಪವಿಭಾಗಾಧಿಕಾರಿಯ ನೇತೃತ್ವದ ಸಮಿತಿಯ ಮುಂದೆ ಹೋಗುವ ಆ ಫೈಲಿನಲ್ಲಿ ಪಹಣಿ, ಸಾಲದ ಪತ್ರ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲ ಇದ್ದು, ಕಡೆಯ ತೀರ್ಪು ‘ಅರ್ಹ’ ಅಥವಾ ‘ಅನರ್ಹ’. ಒಬ್ಬ ಬೇಸಾಯಗಾರನ ಬಗ್ಗೆ ಈ ನಾಡು ಬರೆಸಿದ ಅತಿ ಉದ್ದದ ಕಾಗದ ಬಹುಶಃ ಅದೇ. ಅವನು ಯಾವ ತಳಿ ಹಾಕುತ್ತಿದ್ದ, ಎಷ್ಟು ಬಾವಿ ತೋಡಿಸಿದ, ಊರ ಹಬ್ಬದಲ್ಲಿ ಯಾವ ಪಾತ್ರ ಕಟ್ಟುತ್ತಿದ್ದ ಎಂಬುದು ಅದರಲ್ಲಿ ಇರಬೇಕಾಗಿಲ್ಲ, ನಿಜ. ಹಾಗಿದ್ದರೆ ಅದು ಇರಬೇಕಾದ ಬೇರೊಂದು ಜಾಗವಾದರೂ ಬೇಕಲ್ಲವೇ?

‘ಸಾಮಾನ್ಯರ ಸಾವನ್ನು ಬರೆದಿಡುವುದು ನಮ್ಮಲ್ಲಿ ರೂಢಿಯಿಲ್ಲ, ಅದು ಹೊರಗಿನವರ ಪದ್ಧತಿ’ ಎನ್ನುವವರಿದ್ದಾರೆ. ಇಷ್ಟು ಸುಳ್ಳು ಮಾತು ಇನ್ನೊಂದಿಲ್ಲ. ಕರ್ನಾಟಕದಷ್ಟು ದಟ್ಟವಾಗಿ ಸಾಮಾನ್ಯರ ಸಾವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡುಗಳು ಕಡಿಮೆ. ಊರ ದನ ಹೊಡೆದುಕೊಂಡು ಹೋದ ಕಳ್ಳರನ್ನು ಬೆನ್ನಟ್ಟಿ ತುರುಗೊಳ್‌ನಲ್ಲಿ ಸತ್ತವನಿಗೆ ಕಲ್ಲು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ ಕಲ್ಲು, ಹುಲಿ ಹಂದಿಯೊಡನೆ ಸೆಣಸಿ ಸತ್ತವನಿಗೆ ಕಲ್ಲು. ಇಂಥವನು, ಇಂಥವನ ಮಗ, ಇಂಥಲ್ಲಿ, ಇಂಥ ಕಾರಣಕ್ಕೆ ಸತ್ತ ಎಂದು ಹೆಸರು ಹಿಡಿದು ಬರೆಸಿದ ವೀರಗಲ್ಲುಗಳು ಊರೂರಿನ ಕೆರೆ ಏರಿಯ ಮೇಲಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಲ್ಲು ಸುಮಾರು ಕ್ರಿ.ಶ. 750ರದು, ಕಿತ್ತಯ್ಯ ಎಂಬಾತ ತನ್ನ ಊರಿಗಾಗಿ ಕಾದಿ ಸತ್ತ ಸಂಗತಿ ಅದರಲ್ಲಿದೆ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವುದು ಬೇಗೂರಿನ ಸುಮಾರು 890ರ ಶಾಸನದಲ್ಲಿ. ಅದು ಯಾವ ರಾಜನ ದಿಗ್ವಿಜಯದ ಶಾಸನವೂ ಅಲ್ಲ. ಬೆಂಗಳೂರ ಕಾಳಗದಲ್ಲಿ ಸತ್ತ, ನಾಗತ್ತರನೆಂಬ ಸ್ಥಳೀಯ ನಾಯಕನ ಬಳಿ ಇದ್ದ ಬುಟ್ಟಣಸೆಟ್ಟಿಯ ನೆನಪಿಗೆ ನಿಲ್ಲಿಸಿದ ಕಲ್ಲು. ರಾಜಧಾನಿಯ ಹೆಸರಿನ ಹಳಮೆ ನಮಗೆ ತಿಳಿದದ್ದು, ಒಬ್ಬ ಸಾಮಾನ್ಯನ ಸಾವನ್ನು ಯಾರೋ ಬರೆಸಿಟ್ಟಿದ್ದರಿಂದ.

ಮನುಷ್ಯರ ಮಾತಿರಲಿ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ ಮಣಲೇರ ಎಂಬಾತ ತನ್ನ ಬೇಟೆನಾಯಿ ಕಾಳಿಗೆ ಕಲ್ಲು ನಿಲ್ಲಿಸಿದ. ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತ ನಾಯಿ ಅದು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟಿದ್ದಾರೆ. ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆಂದು ಶಾಸನದಲ್ಲೇ ಬರೆಸಿದ್ದಾರೆ. ಆ ಕಲ್ಲು ಈಗಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರು, ಅದು ಮಾಡಿದ ಕೆಲಸ, ಅದು ಸತ್ತ ಬಗೆ ಇಷ್ಟನ್ನೂ ಬರೆಸಿಟ್ಟ ನಾಡು ಇದು. ಅದೇ ನಾಡಿನವರು ಇವತ್ತು ಊರಿನ ಹಿರಿಯ ಕಮ್ಮಾರನ ಬಗ್ಗೆ, ಕುರಿ ಕಾದವನ ಬಗ್ಗೆ ಬರೆಯಲು ಏನಿದೆ ಎಂದು ಕೇಳುತ್ತಿದ್ದಾರೆ.

ಕಲ್ಲಿನ ಕಥೆ ಒಂದಾದರೆ ಕಾಯಕದವರ ಕಥೆ ಇನ್ನೊಂದು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರನ್ನೆಲ್ಲ ನಾವು ಅವರ ಕಾಯಕದ ಸಮೇತ ಬಲ್ಲೆವು. ದೋಣಿ ನಡೆಸಿದವರು, ಬಟ್ಟೆ ಒಗೆದವರು, ಹಗ್ಗ ಹೊಸೆದವರು, ಅಕ್ಕಿ ಆಯ್ದವರು. ಇವರ ವಚನಗಳನ್ನು ತಲೆಮಾರುಗಟ್ಟಲೆ ತಾಳೆಗರಿಯ ಮೇಲೆ ಪ್ರತಿ ಮಾಡಿದ ಲಿಪಿಕಾರರೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಗರಿಗಳನ್ನು ಹುಡುಕಿ ಅಲೆದ ಫ.ಗು. ಹಳಕಟ್ಟಿಯಂಥವರೂ ‘ಇದರಲ್ಲಿ ಏನಿದೆ’ ಎಂದಿದ್ದರೆ ಆ ಹೆಸರುಗಳು ಇರುತ್ತಿರಲಿಲ್ಲ. ತುಳುನಾಡು ಕೊರಗ ಸಮುದಾಯದ ತನಿಯನನ್ನು ಕೊರಗಜ್ಜನೆಂದು ಇಂದಿಗೂ ಕೈಮುಗಿದು ನೆನೆಯುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಣದ ಮುಂದೆ ಹೆಂಗಸರು ಹಾಡ್ಯಾಡಿ ಅಳುವುದನ್ನು ಕೇಳಿದವರಿಗೆ ಗೊತ್ತು: ಸತ್ತವಳು ಬರಗಾಲದಲ್ಲಿ ಯಾರ ಮನೆಗೆ ಜೋಳ ಅಳೆದು ಕೊಟ್ಟಳು, ಯಾವ ಸೊಸೆಗೆ ಬಾಣಂತನ ಮಾಡಿದಳು, ಯಾವ ಮಾತಿಗೆ ಅಣ್ಣನ ಮನೆ ಮೆಟ್ಟಿಲು ಹತ್ತುವುದನ್ನು ಬಿಟ್ಟಳು ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ಅಂದರೆ ಜೀವನಚರಿತ್ರೆ ಅಲ್ಲಿ ಆಗಲೇ ತಯಾರಿದೆ. ಅದನ್ನು ಕೇಳಿ ಬರೆದುಕೊಳ್ಳುವ ಒಬ್ಬರು ಬೇಕು, ಅಷ್ಟೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲೇ ‘ಹಳ್ಳಿಯ ಚಿತ್ರಗಳು’ ಪುಸ್ತಕದಿಂದ ಹಳ್ಳಿಯವರ ಬದುಕು ಕನ್ನಡ ಗದ್ಯಕ್ಕೆ ಎಷ್ಟು ತಕ್ಕ ವಸ್ತುವೆಂದು ತೋರಿಸಿಕೊಟ್ಟಿದ್ದರು. ರೂಢಿ ಇತ್ತು, ಅದನ್ನು ಕೈಬಿಟ್ಟವರು ನಾವು.

ಎರಡನೆಯ ವಾದ ಇದಕ್ಕಿಂತ ನಯವಾದದ್ದು. ‘ಯೋಗ್ಯತೆ ಇದ್ದವರನ್ನು ಲೋಕ ಹೇಗೂ ಗುರುತಿಸುತ್ತದೆ. ಸೂಲಗಿತ್ತಿ ನರಸಮ್ಮ, ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇವರೆಲ್ಲ ಹಳ್ಳಿಯವರೇ ಅಲ್ಲವೇ?’ ಹೌದು, ಹಳ್ಳಿಯವರೇ. ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮ ಒಂದು ಪೈಸೆ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಪದ್ಮಶ್ರೀ ಕೊಡಲು ದೇಶ ಅವರ ಬದುಕಿನ ಕಡೆಯ ವರ್ಷದ ತನಕ ಕಾಯಿತು. ಅವರು ಆ ವಿದ್ಯೆ ಕಲಿತದ್ದು ಅಜ್ಜಿಯಿಂದ. ಆ ಅಜ್ಜಿ ಎಷ್ಟು ಹೆರಿಗೆ ಮಾಡಿಸಿದ್ದರು, ಅಡ್ಡ ಬಂದ ಮಗುವನ್ನು ಹೇಗೆ ತಿರುಗಿಸುತ್ತಿದ್ದರು, ಬಾಣಂತಿಗೆ ಏನು ಕೊಡುತ್ತಿದ್ದರು? ಮೊಮ್ಮಗಳಿಗೆ ಪ್ರಶಸ್ತಿ ಬಂದಿದ್ದರಿಂದ ಅಜ್ಜಿಯ ಪ್ರಸ್ತಾಪವಾದರೂ ಬಂತು. ಪ್ರಶಸ್ತಿ ಬಾರದ ಸಾವಿರಾರು ಸೂಲಗಿತ್ತಿಯರ ಗತಿ ಏನು? ಸಸಿ ಬೆಳೆಸಿದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಬಡಿಗೇರಿಯ ಹಾಡುಗಾರ್ತಿ ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ಹೋದರು. ಮುಖಪುಟದಲ್ಲಿ ಬರೆದರು, ಬರೆಯಬೇಕಾದದ್ದೇ. ಆದರೆ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಅವರ ಜೊತೆಗೇ ಹಾಡಿದ, ಅವರ ಜೊತೆಗೇ ನರ್ಸರಿಯಲ್ಲಿ ಸಸಿ ಎತ್ತಿದ ಹೆಂಗಸರೂ ಇದ್ದರು. ಹಾಡು ಒಬ್ಬರದ್ದಾಗಿರಲಿಲ್ಲ, ಕಾಡೂ ಒಬ್ಬರದ್ದಾಗಿರಲಿಲ್ಲ. ಪ್ರಶಸ್ತಿ ಒಬ್ಬರ ಹೆಸರು ಹಿಡಿಯುತ್ತದೆ. ಅದು ಪ್ರಶಸ್ತಿಯ ಸ್ವಭಾವ. ನೆನಪು ಆ ಸ್ವಭಾವಕ್ಕೆ ಕಟ್ಟುಬಿದ್ದರೆ ಉಳಿದವರೆಲ್ಲ ಇರಲೇ ಇಲ್ಲವೆಂದಾಗುತ್ತದೆ.

‘ಸರಿ, ಆದರೆ ವಿಶೇಷ ಏನೂ ಮಾಡದವರ ಬಗ್ಗೆ?’ ಎಂದು ಕೇಳುತ್ತಾರೆ. ವಿಶೇಷ ಏನೂ ಇಲ್ಲವೆಂದು ಎಲ್ಲರೂ ಹೇಳುವ ಒಂದು ಬದುಕನ್ನೇ ತೆಗೆದುಕೊಳ್ಳೋಣ. ಒಬ್ಬ ನೀರಗಂಟಿ ತೀರಿಕೊಂಡ ಎನ್ನಿ. ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಕೆರೆಗಳ ತೂಬು ಎತ್ತಿದವನು, ಇಳಿಸಿದವನು ಇವನು. ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋದರೆ ಸಾಕು, ಕೆರೆ ಅರ್ಧ ತುಂಬಿದ ವರ್ಷ ಮೇಲಿನ ಗದ್ದೆಗೆ ಎಷ್ಟು, ಕೊನೆಯ ಗದ್ದೆಗೆ ಎಷ್ಟು, ಕೋಡಿ ಬಿದ್ದ ರಾತ್ರಿ ಏರಿಯ ಯಾವ ಜಾಗದಲ್ಲಿ ಕಾಯಬೇಕು ಇವೆಲ್ಲ ಅವನಿಗೆ ಗೊತ್ತಿದ್ದವು. ಗೌಡರ ಗದ್ದೆಗೆ ಹೆಚ್ಚು ನೀರು ಬಿಡೆಂದು ರಾತ್ರಿ ಯಾರೋ ಬಂದು ಹೆದರಿಸಿದಾಗ ಅವನು ಏನು ಮಾಡಿದ? ಬಿಟ್ಟನೇ, ಬಿಡಲಿಲ್ಲವೇ? ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು ಕೇಳಿದಾಗ ಯಾರು ಮೊರದ ತುಂಬ ಹಾಕಿದರು, ಯಾರು ಕಾಯಿಸಿ ಕಳಿಸಿದರು? 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ಅವನ ಮನೆತನದ ಹುದ್ದೆ ಹೋಯಿತು. ಹುದ್ದೆಗೆ ಸೇರಿದ ಭೂಮಿ ಅವನ ಕೈಗೆ ಬಂತೇ, ಬಂದದ್ದು ಉಳಿಯಿತೇ? ಕೊಳವೆಬಾವಿ ಬಂದು ಕೆರೆಯನ್ನು ಕೇಳುವವರಿಲ್ಲದಾದಾಗ ಅವನು ಏನು ಕೆಲಸಕ್ಕೆ ಹೋದ? ಇವಿಷ್ಟಕ್ಕೆ ಉತ್ತರ ಬರೆದರೆ ಅದು ಒಂದು ಊರಿನ ನೀರಿನ ಚರಿತ್ರೆ, ಅಧಿಕಾರದ ಚರಿತ್ರೆ, ಜಾತಿಯ ಚರಿತ್ರೆ. ಇವತ್ತು ಕೆರೆ ಹೂಳೆತ್ತಲು ಲಕ್ಷಗಟ್ಟಲೆ ಖರ್ಚು ಮಾಡುವವರು ನೀರು ಹಂಚಿದವನ ಲೆಕ್ಕವನ್ನು ಅವನ ಜೊತೆಗೇ ಮಣ್ಣಿಗೆ ಹಾಕಿ ಬಂದಿದ್ದಾರೆ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿದುರಾಶ್ವತ್ಥ ಎಂಬ ಊರೇ ಸಾಕ್ಷಿ. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತಕ್ಕೂ ಹೆಚ್ಚು ಎಂದರು ಜನ. ಸ್ವಾತಂತ್ರ್ಯ ಹೋರಾಟದ ಅಷ್ಟು ದೊಡ್ಡ ಘಟನೆಯಲ್ಲೂ ಸತ್ತವರೆಷ್ಟು ಎಂಬ ಲೆಕ್ಕಕ್ಕೆ ಇಂದಿಗೂ ತಾಳೆಯಿಲ್ಲ. ದೊಡ್ಡ ಸಾವಿನ ಗತಿಯೇ ಹೀಗಾದರೆ, ಹಾಸಿಗೆ ಹಿಡಿದು ಸದ್ದಿಲ್ಲದೆ ಹೋದವರ ಮಾತೇನು?

‘ಮನೆಯವರು ನೆನೆಯುತ್ತಾರಲ್ಲ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರಲ್ಲ’ ಎಂಬುದು ಇನ್ನೊಂದು ಸಮಾಧಾನ. ಎಡೆ ಇಡುವುದು ಒಳ್ಳೆಯ ಸಂಪ್ರದಾಯ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಎಡೆಯ ಮುಂದೆ ಕೂತ ಮೊಮ್ಮಗ ಬೆಂಗಳೂರಿನಲ್ಲಿ ಬೆಳೆದವನು. ಅಜ್ಜನ ಹೆಸರು ಅವನಿಗೆ ಗೊತ್ತು, ಮುತ್ತಜ್ಜಿಯ ಹೆಸರು ಗೊತ್ತಿಲ್ಲ. ಅಜ್ಜನಿಗೆ ಕೋಳಿಸಾರು ಇಷ್ಟವಿತ್ತೆಂದು ಎಡೆಗೆ ಇಟ್ಟಿರುತ್ತಾರೆ. ಅಜ್ಜ ಕಟ್ಟಿದ ಕೂರಿಗೆಯನ್ನು ಸುತ್ತ ಹತ್ತು ಊರಿನವರು ಕೇಳಿಕೊಂಡು ಬರುತ್ತಿದ್ದರು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಮನೆಯ ನೆನಪು ಎರಡು ತಲೆಮಾರು ದಾಟುವುದು ಕಷ್ಟ. ಮಕ್ಕಳೇ ಇಲ್ಲದವರ, ಮದುವೆಯಾಗದೆ ಅಣ್ಣನ ಮನೆಯಲ್ಲಿ ದುಡಿದು ಸತ್ತವರ, ಗಂಡ ಬಿಟ್ಟವರ, ಜೀತ ಮಾಡಿದವರ ನೆನಪಿಗೆ ಆ ಎರಡು ತಲೆಮಾರೂ ಇಲ್ಲ. ಮನುಷ್ಯ ಬರೀ ಮನೆಗೆ ಸೇರಿದವನಲ್ಲ, ಊರಿಗೂ ಸೇರಿದವನು. ಊರಿಗೆ ದುಡಿದವರನ್ನು ನೆನೆಯುವ ಋಣ ಊರಿನದ್ದೇ.

‘ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು’ ಎಂಬ ಮಾತು ಈ ಕೆಲಸಕ್ಕೆ ಅಡ್ಡ ಬರುವ ಇನ್ನೊಂದು ಗೋಡೆ. ಇದನ್ನು ನಂಬಿ ನಾವು ಎಲ್ಲ ಸತ್ತವರನ್ನೂ ‘ಸರಳ ಸಜ್ಜನಿಕೆಯ, ಸ್ನೇಹಜೀವಿ’ಗಳಾಗಿ ಮಾಡುತ್ತೇವೆ. ಹೀಗೆ ಹೊಗಳುವುದು ಮರೆಯುವುದರ ಇನ್ನೊಂದು ದಾರಿ. ಮನುಷ್ಯ ಸಿಟ್ಟಿನವನಾಗಿದ್ದರೆ ಸಿಟ್ಟಿನವನೆಂದೇ ಬರೆಯಬೇಕು. ದಾಯಾದಿಯೊಂದಿಗೆ ಬದುವಿಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದಿದ್ದರೆ ಅದನ್ನೂ ಬರೆಯಬೇಕು. ಯಾರನ್ನೋ ಬಾವಿ ಕಟ್ಟೆ ಹತ್ತಗೊಡದವನಾಗಿದ್ದರೆ, ಬಾವಿ ಹತ್ತದೆ ನಿಂತವರ ಮಕ್ಕಳ ಬಾಯಿಂದ ಅದನ್ನು ಕೇಳಿ ಬರೆಯಬೇಕು. ಸತ್ತವರ ಹೆಣ ಹೂಳಲು ಜಾಗವಿಲ್ಲದೆ ತಹಶೀಲ್ದಾರ್ ಕಚೇರಿಯ ಮುಂದೆ ಶವ ಇಟ್ಟುಕೊಂಡು ಕೂರುವ ಸ್ಥಿತಿ ನಮ್ಮ ದಲಿತ ಕೇರಿಗಳಿಗೆ ಇನ್ನೂ ಬರುತ್ತಿದೆ. ಅಲ್ಲಿ ಸತ್ತವರ ಬದುಕನ್ನು ಸಿಹಿ ಮಾತಿನಲ್ಲಿ ಸುತ್ತಿಟ್ಟರೆ ಅದು ಅವರಿಗೆ ಎರಡನೆಯ ಸಲ ಜಾಗ ನಿರಾಕರಿಸಿದಂತೆ. ಸತ್ತವರಿಗೆ ಸಲ್ಲಬೇಕಾದ ಮೊದಲ ಗೌರವ ಸತ್ಯ.

ಕಡೆಯದಾಗಿ, ‘ಅವರಿಗೇ ಇದೆಲ್ಲ ಬೇಕಿರಲಿಲ್ಲ, ಹೆಸರಿಗಾಗಿ ಬದುಕಿದವರಲ್ಲ’ ಎನ್ನುವವರಿಗೆ ಒಂದು ಮಾತು. ತಾನು ಮಾಡಿದ್ದನ್ನು ಹೇಳಿಕೊಳ್ಳದಿರುವುದು ಅವರ ದೊಡ್ಡತನ. ಆ ದೊಡ್ಡತನವನ್ನು ನಮ್ಮ ಸೋಮಾರಿತನಕ್ಕೆ ಮರೆಮಾಡಿಕೊಳ್ಳಬಾರದು.

ಈ ಕೆಲಸಕ್ಕೆ ಹೊಸ ಇಲಾಖೆ ಬೇಡ, ಹೊಸ ಪ್ರಾಧಿಕಾರ ಬೇಡ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದ ಮೇಲೆ ಅವು ಅರಿವು ಕೇಂದ್ರಗಳಾಗಿವೆ. ಪ್ರತಿ ಅರಿವು ಕೇಂದ್ರದಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕ ಇರಲಿ. ಊರಲ್ಲಿ ಯಾರೇ ತೀರಿಕೊಂಡರೂ, ಯಾವ ಕೇರಿಯವರೇ ಆಗಿರಲಿ, ತಿಂಗಳೊಳಗೆ ಒಂದು ಪುಟ ಅವರಿಗೆ ಮೀಸಲಾಗಲಿ. ಹೈಸ್ಕೂಲಿನ ಮಕ್ಕಳು ಇಬ್ಬಿಬ್ಬರಾಗಿ ಹೋಗಿ ಮನೆಯವರನ್ನು, ನೆರೆಯವರನ್ನು, ಜೊತೆಗೆ ಕೂಲಿ ಮಾಡಿದವರನ್ನು ಕೇಳಿ ಬರೆಯಲಿ. ಯಾವ ಕೆಲಸ ಬಲ್ಲವರಾಗಿದ್ದರು? ಯಾರಿಂದ ಕಲಿತರು, ಯಾರಿಗೆ ಕಲಿಸಿದರು? ಯಾವ ಹಾಡು, ಯಾವ ಬಿತ್ತನೆ, ಯಾವ ಮದ್ದು ಅವರಿಗೆ ಗೊತ್ತಿತ್ತು? ಯಾವ ಕಷ್ಟ ದಾಟಿದರು, ಯಾರ ಜೊತೆ ಜಗಳವಾಡಿದರು? ಹೆಂಗಸಾದರೆ ಇಂಥವರ ಹೆಂಡತಿ ಎಂದು ಶುರು ಮಾಡುವುದು ಬೇಡ, ಅವಳ ತವರೂರಿನಿಂದ ಶುರುವಾಗಲಿ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಆ ವರ್ಷದ ಪುಟಗಳನ್ನು ಗಟ್ಟಿಯಾಗಿ ಓದಲಿ. ಪತ್ರಿಕೆಯವರು ಜಿಲ್ಲಾ ಪುಟದಲ್ಲಿ ವಾರಕ್ಕೆ ಒಂದನ್ನಾದರೂ ಅಚ್ಚು ಮಾಡಲಿ. ಫ್ಲೆಕ್ಸಿಗೆ ಕೊಡುವ ದುಡ್ಡಿನಲ್ಲಿ ಇಂಥ ಹತ್ತು ಪುಸ್ತಕ ಬರುತ್ತವೆ.

ಯಾರಾದರೂ ಕೇಳುವ ತನಕ ಕಾಯಬೇಡಿ. ನಿಮ್ಮ ಊರಿನಲ್ಲಿ ಕಳೆದ ವರ್ಷ ತೀರಿಕೊಂಡವರ ಹೆಸರುಗಳನ್ನು ಇವತ್ತೇ ಒಂದು ಹಾಳೆಯ ಮೇಲೆ ಬರೆಯಿರಿ. ಅವರಲ್ಲಿ ಒಬ್ಬರ ಮನೆಗೆ ಈ ಭಾನುವಾರ ಹೋಗಿ. ಅವರನ್ನು ಬಲ್ಲ ಹಿರಿಯರು ಇನ್ನೂ ಜಗಲಿಯ ಮೇಲಿದ್ದಾರೆ. ಮುಂದಿನ ವರ್ಷ ಇರುತ್ತಾರೆಂದು ಯಾರೂ ಮಾತು ಕೊಟ್ಟಿಲ್ಲ.